ಹಣ್ಣಾಗಿದೆಯೋ, ಇನ್ನೂ ಕಾಯೋ? ಊತದೊಳಕ್ಕೆ ಇಣುಕುವ ಶಬ್ದ

ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದಂತೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆ ಕಾಲ್ನಡಿಗೆಯ ಭಕ್ತರಿಂದ ತುಂಬುತ್ತದೆ. ಹಲವರದು ಬರಿಗಾಲು. ಕೌದಳ್ಳಿ ದಾಟಿ ತಾಳಬೆಟ್ಟ ತಲುಪಿ, 'ಉಘೇ ಮಾದಪ್ಪ' ಎನ್ನುತ್ತ ಕಾಡಿನ ಏರುದಾರಿ ಹಿಡಿಯುವ ಹೊತ್ತಿಗೆ ಎಷ್ಟೋ ಮಂದಿಯ ಅಂಗಾಲಿನಲ್ಲಿ ನೀರುಗುಳ್ಳೆ ಎದ್ದಿರುತ್ತವೆ, ಹಿಮ್ಮಡಿ ಬಿರಿದಿರುತ್ತದೆ, ಮುಳ್ಳು ಮುರಿದು ಒಳಗೇ ಉಳಿದಿರುತ್ತದೆ. ಈ ಭಾಗದ ಹೊಲಗಳಲ್ಲಿ ದುಡಿಯುವವರಿಗೆ, ಕಾಡಂಚಿನಲ್ಲಿ ದನ, ಆಡು ಮೇಯಿಸುವವರಿಗೆ ಇಂಥ ಗಾಯಗಳು ವರ್ಷವಿಡೀ ಇದ್ದದ್ದೇ.

ಇಂಥ ಗಾಯಗಳು ತಾವಾಗಿಯೇ ವಾಸಿಯಾಗುತ್ತವೆ ಎಂಬ ನಂಬಿಕೆಯಿಂದಲೇ ಜನ ಅವನ್ನು ಮರೆಯುವುದು. ಆದರೆ ಒಂದೊಂದು ಸಲ ನಾಲ್ಕಾರು ದಿನ ಕಳೆದ ಮೇಲೆ ಕಾಲು ಊದಿಕೊಳ್ಳುತ್ತದೆ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಆಗ ಮನೆಯಲ್ಲಿ ನಡೆಯುವ ಚರ್ಚೆ ಎಲ್ಲರಿಗೂ ಗೊತ್ತಿರುವಂಥದ್ದೇ. 'ಇನ್ನೂ ಕಾಯಿ ಕನವ್ವ, ಹಣ್ಣಾಗ್ಲಿ ತಡಿ' ಎಂದು ಅಜ್ಜಿ ಸೊಸೆಗೆ ಹೇಳುತ್ತಾಳೆ. 'ಎರಡು ದಿನ ನೋಡೋಣ' ಎಂದು ಮನೆಯ ಯಜಮಾನ ದನಿಗೂಡಿಸುತ್ತಾನೆ.

ಅಜ್ಜಿಯ ಪ್ರಶ್ನೆ ತಪ್ಪೇನಲ್ಲ. ಅದು ಬಹಳ ಹಳೆಯ ಪ್ರಶ್ನೆ ಕೂಡ. 'ಸುಶ್ರುತ ಸಂಹಿತೆ'ಯ ಸೂತ್ರಸ್ಥಾನದಲ್ಲಿ 17ನೆಯ ಅಧ್ಯಾಯದ ಹೆಸರೇ 'ಆಮಪಕ್ವೈಷಣೀಯ'. ಅಂದರೆ ಊತ ಕಾಯಿಯೋ ಹಣ್ಣೋ ಎಂದು ಹುಡುಕಿ ತಿಳಿಯುವ ವಿಚಾರ. ಆಮ, ಪಚ್ಯಮಾನ, ಪಕ್ವ ಎಂದು ಊತಕ್ಕೆ ಮೂರು ಅವಸ್ಥೆಗಳನ್ನು ಅಲ್ಲಿ ಹೇಳಲಾಗಿದೆ. ಕಾಯಿಯಾಗಿರುವುದನ್ನು ಕೊಯ್ಯುವ ವೈದ್ಯನೂ ತಪ್ಪಿತಸ್ಥ, ಹಣ್ಣಾದದ್ದನ್ನು ಕೊಯ್ಯದೆ ಬಿಡುವವನೂ ತಪ್ಪಿತಸ್ಥ ಎಂಬುದು ಅಲ್ಲಿನ ಕಟ್ಟುನಿಟ್ಟಿನ ಮಾತು. ಅಷ್ಟು ಹಿಂದೆಯೇ ಶಸ್ತ್ರವೈದ್ಯರಿಗೆ ಈ ತೀರ್ಮಾನದ ಭಾರ ಗೊತ್ತಿತ್ತು.

ಇಂದಿನ ವೈದ್ಯರ ಮುಂದಿರುವ ಪ್ರಶ್ನೆಯೂ ಅದೇ. ಆದರೆ ಅದಕ್ಕೆ ಇನ್ನೊಂದು ಮಾತು ಸೇರಿದೆ: ಹಣ್ಣಾಗುವ ತನಕ ಕಾಯಲೇಬಾರದ ಊತವೂ ಒಂದುಂಟು. ಅದನ್ನು ಬೇಗ ಗುರುತಿಸಿದರೆ ಕಾಲೂ ಉಳಿದೀತು, ಜೀವವೂ ಉಳಿದೀತು. ಈ ಕೆಲಸದಲ್ಲಿ ವೈದ್ಯರಿಗೆ ನೆರವಾಗುವ ಸಾಧನಗಳಲ್ಲಿ ಒಂದು, ಗರ್ಭಿಣಿಯರ ಪರೀಕ್ಷೆಯಿಂದ ಎಲ್ಲರಿಗೂ ಪರಿಚಿತವಾದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್.

ಮೇಲೆ ಒಂದೇ, ಒಳಗೆ ಮೂರು

ಚರ್ಮದ ಕೆಳಗೆ ಕೊಬ್ಬಿನ ಪದರವಿದೆ. ಅದರ ಕೆಳಗೆ ಮಾಂಸಖಂಡಗಳು. ಇವೆರಡರ ನಡುವೆ ತೆಳುವಾದ, ಆದರೆ ಗಟ್ಟಿಯಾದ ಬಿಳಿಯ ಪೊರೆಯೊಂದು ಹರಡಿಕೊಂಡಿದೆ. ಕಿತ್ತಳೆಯ ತೊಳೆಗಳನ್ನು ಸುತ್ತಿರುವ ಪೊರೆಯನ್ನು ನೆನಪಿಸಿಕೊಂಡರೆ ಇದರ ಕಲ್ಪನೆ ಬರುತ್ತದೆ. ವೈದ್ಯರು ಇದನ್ನು 'ಫೇಸಿಯಾ' ಎನ್ನುತ್ತಾರೆ. ಕನ್ನಡದಲ್ಲಿ ಸ್ನಾಯುಪೊರೆ ಎನ್ನಬಹುದು. ಮೂಳೆಯನ್ನು ಬಿಟ್ಟು ಈ ಚರ್ಮ, ಕೊಬ್ಬು, ಪೊರೆ, ಮಾಂಸ ಎಲ್ಲವೂ ಸೇರಿ 'ಮೃದು ಅಂಗಾಂಶ'.

ಬ್ಯಾಕ್ಟೀರಿಯಗಳು ಗಾಯದ ಮೂಲಕ ಒಳಹೊಕ್ಕಾಗ ಮುಖ್ಯವಾಗಿ ಮೂರು ಬಗೆಯ ತೊಂದರೆಗಳಾಗಬಹುದು. ಮೊದಲನೆಯದು ಸೆಲ್ಯುಲೈಟಿಸ್. ಇದರಲ್ಲಿ ಸೋಂಕು ಚರ್ಮದಲ್ಲಿಯೂ ಅದರಡಿಯ ಕೊಬ್ಬಿನಲ್ಲಿಯೂ ಹರಡಿರುತ್ತದೆ, ಕೀವು ಒಂದೆಡೆ ಸೇರಿರುವುದಿಲ್ಲ. ಇದಕ್ಕೆ ಆಂಟಿಬಯಾಟಿಕ್ ಔಷಧಿ ಬೇಕು, ಕೊಯ್ಯುವ ಅಗತ್ಯವಿಲ್ಲ. ಎರಡನೆಯದು ಕೀವಿನ ಗಂಟು. ಕೀವು ಗೋಡೆ ಕಟ್ಟಿಕೊಂಡು ಒಂದೆಡೆ ನಿಂತಿರುವುದರಿಂದ ಬರೀ ಮಾತ್ರೆಯಿಂದ ಪೂರ್ತಿ ಗುಣವಾಗುವುದು ಕಷ್ಟ, ಕೊಯ್ದು ಕೀವು ತೆಗೆಯಬೇಕು. ಉಷ್ಣವಲಯದ ದೇಶಗಳಲ್ಲಿ ಈ ಕೀವು ಆಳವಾದ ಮಾಂಸಖಂಡದೊಳಗೇ ಸೇರುವುದೂ ಉಂಟು. ಆಗ ಮೇಲಿನ ಚರ್ಮ ಮಾಮೂಲಿನಂತೆಯೇ ಕಾಣಬಹುದು.

ಮೂರನೆಯದೇ ಭಯಂಕರವಾದದ್ದು. ಇದರ ಹೆಸರು ನೆಕ್ರೊಟೈಸಿಂಗ್ ಫೇಸಿಯೈಟಿಸ್, ಅಂದರೆ ಸ್ನಾಯುಪೊರೆಯನ್ನು ಕೊಳೆಯಿಸುವ ಸೋಂಕು. ಪತ್ರಿಕೆಗಳು 'ಮಾಂಸ ತಿನ್ನುವ ಬ್ಯಾಕ್ಟೀರಿಯ' ಎಂದು ಬರೆಯುವುದು ಇದನ್ನೇ. ಪೊರೆಗೆ ರಕ್ತ ಪೂರೈಕೆ ಕಡಿಮೆ. ಹೀಗಾಗಿ ಸೋಂಕು ಪೊರೆಯುದ್ದಕ್ಕೂ ಗಂಟೆ ಗಂಟೆಗೂ ಹರಿಯುತ್ತಾ ಹೋಗುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವುದರಿಂದ ಔಷಧಿ ಸತ್ತ ಭಾಗವನ್ನು ತಲುಪುವುದೇ ಇಲ್ಲ. ಕೊಳೆತ ಭಾಗವನ್ನು ತಡಮಾಡದೆ ಶಸ್ತ್ರಕ್ರಿಯೆಯಿಂದ ತೆಗೆದುಹಾಕುವುದೊಂದೇ ದಾರಿ. ಚಿಕಿತ್ಸೆ ದೊರೆತವರಲ್ಲಿಯೂ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಸಾಯುವುದುಂಟು.

ಈ ರೋಗ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡುಬಂದ ಇಂಥ ಕೊಳೆಯುವ ಸೋಂಕನ್ನು ಜೋಸೆಫ್ ಜೋನ್ಸ್ ಎಂಬ ವೈದ್ಯ 1871ರಲ್ಲಿ ವಿವರಿಸಿದ್ದ. 1924ರಲ್ಲಿ ಚೀನಾದ ಬೀಜಿಂಗಿನಲ್ಲಿದ್ದ ಫ್ರಾಂಕ್ ಮೆಲೆನಿ ಎಂಬ ಶಸ್ತ್ರವೈದ್ಯ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯವೂ ಇದಕ್ಕೆ ಕಾರಣವೆಂದು ತೋರಿಸಿದ. ಈಗಿನ ಹೆಸರನ್ನು ಕೊಟ್ಟವನು ಬೆನ್ ವಿಲ್ಸನ್, 1952ರಲ್ಲಿ.

ತೊಡಕು ಇರುವುದು ಇಲ್ಲಿಯೇ. ಮೊದಲ ದಿನ ಈ ಮೂರೂ ಹೊರನೋಟಕ್ಕೆ ಹೆಚ್ಚುಕಡಿಮೆ ಒಂದೇ ಬಗೆ. ಊತ, ಬಿಸಿ, ನೋವು, ಜ್ವರ. ಬಿಳಿ ಚರ್ಮದವರಲ್ಲಿ ಎದ್ದು ಕಾಣುವ ಕೆಂಪು ಬಣ್ಣ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಅಷ್ಟಾಗಿ ಕಾಣುವುದೂ ಇಲ್ಲ. ಹಾಗಾದರೆ ಚರ್ಮವನ್ನು ಸೀಳದೆ ಒಳಗೇನಿದೆ ಎಂದು ನೋಡುವುದು ಹೇಗೆ?

ಕಿವಿಗೆ ಕೇಳದ ಶಬ್ದ

ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಬಾರಿ ಕಂಪಿಸುವ ಶಬ್ದ. ಅದಕ್ಕೂ ಮೇಲಿನದು ಶ್ರವಣಾತೀತ ಶಬ್ದ. ಬಾವಲಿ ಕತ್ತಲಲ್ಲಿ ದಾರಿ ಕಂಡುಕೊಳ್ಳುವುದು ಇದರ ಪ್ರತಿಧ್ವನಿಯಿಂದಲೇ. 1880ರಲ್ಲಿ ಜಾಕ್ ಕ್ಯೂರಿ ಮತ್ತು ಪಿಯರಿ ಕ್ಯೂರಿ ಎಂಬ ಸಹೋದರರು, ಕೆಲವು ಹರಳುಗಳನ್ನು ಒತ್ತಿದಾಗ ಅವುಗಳಲ್ಲಿ ವಿದ್ಯುತ್ ಹುಟ್ಟುವುದನ್ನು ಕಂಡುಹಿಡಿದರು. ಇದಕ್ಕೆ ಪೀಜೋ ವಿದ್ಯುತ್ ಪರಿಣಾಮವೆಂದು ಹೆಸರು. ಮೇರಿ ಕ್ಯೂರಿಯ ಪತಿಯೇ ಈ ಪಿಯರಿ. ಇದರ ತಿರುವುಮುರುವೂ ನಿಜ: ವಿದ್ಯುತ್ ಹರಿಸಿದರೆ ಹರಳು ಕಂಪಿಸಿ ಶಬ್ದ ಹೊರಡಿಸುತ್ತದೆ. ಸ್ಕ್ಯಾನಿಂಗ್ ಯಂತ್ರದಲ್ಲಿ ವೈದ್ಯರು ಮೈಮೇಲೆ ಆಡಿಸುವ ಪ್ರೋಬಿನೊಳಗೆ ಇರುವುದು ಇಂಥ ಗುಣವುಳ್ಳ ವಸ್ತುವೇ. ಅದೇ ಬಾಯಿ, ಅದೇ ಕಿವಿ! ಒಂದು ಕ್ಷಣ ಶಬ್ದವನ್ನು ಕಳುಹಿಸಿ, ಮರುಕ್ಷಣ ಪ್ರತಿಧ್ವನಿಗೆ ಕಿವಿಗೊಡುತ್ತದೆ. 1958ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೊದಲ್ಲಿ ಇಯಾನ್ ಡೊನಾಲ್ಡ್ ಮತ್ತು ಅವನ ಸಂಗಡಿಗರು ಹೊಟ್ಟೆಯೊಳಗಿನ ಗೆಡ್ಡೆಗಳನ್ನು ಈ ವಿಧಾನದಿಂದ ಗುರುತಿಸಿ ಪ್ರಕಟಿಸಿದ ಮೇಲೆ ಇದು ವೈದ್ಯರ ಕೈಗೆ ಬಂತು.

ವಿದ್ಯಾರ್ಥಿಗಳು ಇಲ್ಲೊಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಪ್ರತಿಧ್ವನಿ 20 ಮೈಕ್ರೊಸೆಕೆಂಡ್ ನಂತರ ಬಂದಿತೆನ್ನಿ. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ. ಅಷ್ಟರಲ್ಲಿ ಶಬ್ದ ಕ್ರಮಿಸಿದ ದೂರ 3.08 ಸೆಂಟಿಮೀಟರ್. ಹೋಗಿ ಬಂದ ದೂರವಾದ್ದರಿಂದ ಅರ್ಧ ಮಾಡಿದರೆ, ಶಬ್ದ ಬಡಿದ ಪದರ ಇರುವುದು ಚರ್ಮದಿಂದ 1.54 ಸೆಂಟಿಮೀಟರ್ ಆಳದಲ್ಲಿ. ಯಂತ್ರ ಇಂಥ ಸಾವಿರಾರು ಲೆಕ್ಕಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಚಿತ್ರ ಬರೆಯುತ್ತದೆ.

ಇನ್ನೊಂದು ಲೆಕ್ಕವೂ ಸುಲಭ. ಶಬ್ದದ ಆವೃತ್ತಿ ಒಂದು ಕೋಟಿ ಹರ್ಟ್ಸ್, ಅಂದರೆ 10 ಮೆಗಾಹರ್ಟ್ಸ್ ಆಗಿದ್ದರೆ ತರಂಗದೂರ 0.154 ಮಿಲಿಮೀಟರ್. ತರಂಗದೂರ ಕಡಿಮೆಯಾದಷ್ಟೂ ಚಿತ್ರ ಸೂಕ್ಷ್ಮ, ಆದರೆ ಶಬ್ದ ಆಳಕ್ಕಿಳಿಯುವುದಿಲ್ಲ. ಆದ್ದರಿಂದಲೇ ಹೊಟ್ಟೆಯ ಸ್ಕ್ಯಾನಿಗೆ 2ರಿಂದ 5 ಮೆಗಾಹರ್ಟ್ಸ್ ಬಳಸಿದರೆ, ಚರ್ಮದಡಿಯ ಊತಕ್ಕೆ 7ರಿಂದ 15 ಮೆಗಾಹರ್ಟ್ಸಿನ ಬೇರೆ ಪ್ರೋಬನ್ನು ಬಳಸುತ್ತಾರೆ. ಗಾಳಿಗೆ ಬಡಿದ ಶಬ್ದವಂತೂ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗುತ್ತದೆ. ಪ್ರೋಬಿಗೂ ಚರ್ಮಕ್ಕೂ ನಡುವೆ ಗಾಳಿ ಉಳಿಯದಿರಲೆಂದೇ ತಣ್ಣನೆಯ ಜೆಲ್ ಹಚ್ಚುವುದು. ಗಾಳಿಯ ಈ ಗುಣ ಮುಂದೆ ರೋಗ ಪತ್ತೆಗೂ ಒದಗಿಬರುತ್ತದೆ.

ಚಿತ್ರದಲ್ಲಿ ಕಾಣುವುದೇನು?

ಆರೋಗ್ಯವಂತ ಕಾಲಿನ ಚಿತ್ರದಲ್ಲಿ ಪದರಗಳು ಅಚ್ಚುಕಟ್ಟಾಗಿ ಒಂದರ ಕೆಳಗೊಂದು ಕಾಣುತ್ತವೆ. ಸೆಲ್ಯುಲೈಟಿಸ್ ಆದಾಗ ಕೊಬ್ಬಿನ ಸಣ್ಣ ಸಣ್ಣ ಉಂಡೆಗಳ ನಡುವೆ ನೀರು ಸೇರಿ, ಗುಂಡುಕಲ್ಲು ಹಾಸಿದ ನೆಲದಂತೆ ಕಾಣುತ್ತದೆ. ಆದರೆ ಹೃದಯ, ಮೂತ್ರಪಿಂಡಗಳ ತೊಂದರೆಯಿಂದ ಕಾಲಿಗೆ ನೀರು ಇಳಿದಾಗಲೂ ಇದೇ ಚಿತ್ರ ಬರುವುದರಿಂದ, ಜ್ವರ, ನೋವುಗಳನ್ನು ಸೇರಿಸಿಯೇ ವೈದ್ಯರು ತೀರ್ಮಾನಿಸುತ್ತಾರೆ.

ಕೀವಿನ ಗಂಟು ಕಪ್ಪಾದ ಕೊಳದಂತೆ ತೋರುತ್ತದೆ. ಪ್ರೋಬಿನಿಂದ ಮೆಲ್ಲಗೆ ಒತ್ತಿದರೆ ಒಳಗಿನ ಕೀವು ಕದಡುವುದೂ ಕಾಣುತ್ತದೆ. ಹೀಗೆ 'ಹಣ್ಣಾಗಿದೆಯೇ?' ಎಂಬ ಹಳೆಯ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಇದರ ಜೊತೆಗೆ ಡಾಪ್ಲರ್ ವಿಧಾನ ಇನ್ನೊಂದು ಅಪಾಯವನ್ನು ತಪ್ಪಿಸುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳಿನ ಸ್ವರ ಏರುವುದನ್ನೂ ದೂರ ಹೋಗುವಾಗ ಇಳಿಯುವುದನ್ನೂ ಎಲ್ಲರೂ ಕೇಳಿದ್ದಾರೆ. ಇದರ ತತ್ತ್ವವನ್ನು 1842ರಲ್ಲಿ ಕ್ರಿಸ್ಟಿಯನ್ ಡಾಪ್ಲರ್ ವಿವರಿಸಿದ. ಹರಿಯುವ ರಕ್ತದಿಂದ ಬರುವ ಪ್ರತಿಧ್ವನಿಯೂ ಹೀಗೆ ಬದಲಾಗುತ್ತದೆ. ತೊಡೆಸಂದಿನ ಉಬ್ಬು ಕೀವಲ್ಲ, ಹಿಗ್ಗಿದ ರಕ್ತನಾಳ ಎಂದು ಕತ್ತಿ ಹಾಕುವ ಮೊದಲೇ ತಿಳಿದರೆ ಎಂಥ ಅನಾಹುತ ತಪ್ಪುತ್ತದೆ!

ಇನ್ನು ಮೂರನೆಯ ರೋಗ. ಇಲ್ಲಿ ವೈದ್ಯರು ಮುಖ್ಯವಾಗಿ ಮೂರು ಗುರುತುಗಳನ್ನು ಹುಡುಕುತ್ತಾರೆ. ಚರ್ಮದಡಿಯ ಪದರ ದಪ್ಪವಾಗಿದೆಯೇ? ಸ್ನಾಯುಪೊರೆಯುದ್ದಕ್ಕೂ ನೀರು ನಿಂತಿದೆಯೇ? ಅಂಗಾಂಶದೊಳಗೆ ಗಾಳಿಗುಳ್ಳೆಗಳಿವೆಯೇ? ಕೆಲವು ಬ್ಯಾಕ್ಟೀರಿಯಗಳು ಅನಿಲವನ್ನು ಉಂಟುಮಾಡುತ್ತವೆ. ಶಬ್ದ ಅದನ್ನು ದಾಟಲಾರದ್ದರಿಂದ ಬೆಳ್ಳನೆಯ ಚುಕ್ಕೆಗಳೂ ಅವುಗಳ ಕೆಳಗೆ ಮಸುಕು ನೆರಳೂ ಕಾಣುತ್ತವೆ. ಇಂಥ ಚಿತ್ರ ಕಂಡರೆ ಶಸ್ತ್ರವೈದ್ಯರನ್ನು ಕೂಡಲೇ ಕರೆಯಬೇಕು.

ಕೌದಳ್ಳಿಯಂಥ ಊರಿನವರಿಗೆ ಬೇಕಾದ ಇನ್ನೊಂದು ಸಂಗತಿಯಿದೆ. ಮುರಿದು ಒಳಗುಳಿದ ಮುಳ್ಳು, ಕಟ್ಟಿಗೆಯ ಚೂರು ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಲೋಹ, ಬಹುಮಟ್ಟಿಗೆ ಗಾಜು ಕಾಣುತ್ತವೆ, ಮುಳ್ಳು ಕಾಣದು. ಆದರೆ ಶಬ್ದ ಮುಳ್ಳಿಗೆ ಬಡಿದು ಹಿಂದಿರುಗುತ್ತದೆ. ಚಿತ್ರದಲ್ಲಿ ಹೊಳೆಯುವ ಗೆರೆಯೂ ಅದರ ಕೆಳಗೆ ನೆರಳೂ ಮೂಡುತ್ತವೆ. 'ಎಕ್ಸ್-ರೇ ತೆಗೆಸಿದೆವು, ಏನೂ ಇಲ್ಲ' ಎಂದು ಸಮಾಧಾನಪಟ್ಟುಕೊಂಡ ಮೇಲೂ ಗಾಯ ಮತ್ತೆ ಮತ್ತೆ ಕೀವು ಕಟ್ಟುತ್ತಿದ್ದರೆ, ಸ್ಕ್ಯಾನಿಂಗ್ ಬೇಕೇ ಎಂದು ವೈದ್ಯರನ್ನು ಕೇಳಬಹುದು.

ಎಷ್ಟು ನಂಬಬಹುದು?

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೆಲ್ಯುಲೈಟಿಸ್ ಎಂದು ತೋರಿದ 126 ಮಂದಿಯನ್ನು ವೈದ್ಯರು ಮೊದಲು ಕೈಯಿಂದ ಪರೀಕ್ಷಿಸಿ ತಮ್ಮ ಅಭಿಪ್ರಾಯ ಹೇಳಿದರು. ಬಳಿಕ ಸ್ಕ್ಯಾನ್ ಮಾಡಿದರು. 71 ಮಂದಿಯಲ್ಲಿ ಚಿಕಿತ್ಸೆಯ ಕ್ರಮವೇ ಬದಲಾಯಿತು! ಕೊಯ್ಯಬೇಕಿಲ್ಲ ಎಂದುಕೊಂಡಿದ್ದ ಕೆಲವರಲ್ಲಿ ಅಡಗಿದ ಕೀವು ಕಂಡಿತು. ಕೊಯ್ಯಲೇಬೇಕು ಎಂದುಕೊಂಡಿದ್ದ ಕೆಲವರು ಕತ್ತಿಯಿಂದ ಪಾರಾದರು. ಸುಶ್ರುತನು ಎಚ್ಚರಿಸಿದ ಎರಡು ತಪ್ಪುಗಳೂ ಇಲ್ಲಿ ತಪ್ಪಿದವು.

ಭಯಂಕರ ರೋಗದ ವಿಚಾರದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. 2002ರಲ್ಲಿ ತೈವಾನಿನ ವೈದ್ಯರು, ಈ ರೋಗವಿರಬಹುದೆಂದು ಸಂಶಯ ಬಂದ 62 ಮಂದಿಯನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದ ವಿವರ ಪ್ರಕಟಿಸಿದರು. ಪೊರೆಯುದ್ದಕ್ಕೂ 4 ಮಿಲಿಮೀಟರಿಗಿಂತ ಹೆಚ್ಚು ದಪ್ಪ ನೀರು ನಿಂತಿರುವುದು ಅವರು ನೋಡಿದ ಮುಖ್ಯ ಗುರುತುಗಳಲ್ಲಿ ಒಂದು. ನಿಜವಾಗಿ ರೋಗವಿದ್ದವರು 17 ಮಂದಿ. ಅವರಲ್ಲಿ 15 ಮಂದಿಯನ್ನು ಯಂತ್ರ ಸರಿಯಾಗಿ ಹಿಡಿಯಿತು.

ಒಳ್ಳೆಯ ಫಲಿತಾಂಶವೇ. ಆದರೆ ಉಳಿದ ಇಬ್ಬರು? 'ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ' ಎಂದು ಅವರನ್ನು ಮನೆಗೆ ಕಳುಹಿಸಿದ್ದರೆ? ಯಂತ್ರ 'ಇದೆ' ಎಂದಾಗ ಧಾವಿಸಬೇಕು. 'ಇಲ್ಲ' ಎಂದಾಗ ಅದನ್ನೇ ಕೊನೆಯ ಮಾತೆಂದು ತಿಳಿಯಬಾರದು. ರೋಗ ಆಳದಲ್ಲಿರಬಹುದು, ಗಾಳಿಗುಳ್ಳೆ ಹುಟ್ಟದೇ ಇರಬಹುದು, ಪ್ರೋಬ್ ಹಿಡಿದವರಿಗೆ ಅನುಭವ ಸಾಲದೇ ಇರಬಹುದು. ಸಿ.ಟಿ., ಎಂ.ಆರ್.ಐ. ಸ್ಕ್ಯಾನ್‌ಗಳು ಇನ್ನೂ ಸ್ಪಷ್ಟವಾಗಿ ತೋರಿಸುತ್ತವೆ. ಆದರೆ ಅದಕ್ಕೆ ರೋಗಿಯನ್ನು ಸಾಗಿಸಬೇಕು, ಸಮಯ ಹಿಡಿಯುತ್ತದೆ. ಸಂಶಯ ಬಲವಾಗಿದ್ದರೆ ಯಾವ ಚಿತ್ರಕ್ಕೂ ಕಾಯದೆ ಶಸ್ತ್ರವೈದ್ಯರು ತೆರೆದು ನೋಡುವುದೇ ಅಂತಿಮ ಪರೀಕ್ಷೆ.

ಯಂತ್ರ ಊರೂರಿಗೆ ಏಕಿಲ್ಲ?

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಅಲ್ಟ್ರಾಸೌಂಡ್ ಯಂತ್ರಗಳು ಈಗ ಬಂದಿವೆ. ಹಾಗಾದರೆ ಪ್ರತಿ ಆರೋಗ್ಯ ಕೇಂದ್ರದ ಮೇಜಿನ ಮೇಲೂ ಅದೊಂದು ಏಕಿರಬಾರದು? ಹಣ ಮತ್ತು ತರಬೇತಿಯ ಜೊತೆಗೆ ಇದಕ್ಕೆ ಇನ್ನೊಂದು ಕಾರಣವುಂಟು. ಹೆಣ್ಣು ಭ್ರೂಣ ಹತ್ಯೆಗೆ ಈ ಯಂತ್ರ ದುರುಪಯೋಗವಾದ ನೋವಿನ ಇತಿಹಾಸ ನಮ್ಮ ದೇಶದ್ದು. ಅದನ್ನು ತಡೆಯಲು 1994ರಲ್ಲಿ ಕಾಯ್ದೆ ಬಂದು 1996ರಿಂದ ಜಾರಿಯಾಯಿತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಯಂತ್ರವಿರುವ ಕೇಂದ್ರ ನೋಂದಣಿಯಾಗಿರಬೇಕು, ನಡೆಸುವವರು ಅರ್ಹ ವೈದ್ಯರಾಗಿರಬೇಕು, ಚಿಕ್ಕ ಯಂತ್ರವನ್ನು ಮನಬಂದಲ್ಲಿಗೆ ಒಯ್ಯುವಂತಿಲ್ಲ. ಹುಟ್ಟಬೇಕಾದ ಹೆಣ್ಣುಮಕ್ಕಳನ್ನು ಉಳಿಸಲು ಹಾಕಿದ ಬೇಲಿ ಇದು. ಊದಿದ ಕಾಲಿನ ರೋಗಿ ಆ ಬೇಲಿಯ ಒಳಗೇ ದಾರಿ ಕಂಡುಕೊಳ್ಳಬೇಕಾಗಿದೆ.

ಆದ್ದರಿಂದ ದೂರದ ಲೆಕ್ಕ ಮುಖ್ಯವಾಗುತ್ತದೆ. ಕೌದಳ್ಳಿಯಿಂದ ಕೊಳ್ಳೇಗಾಲ ತಲುಪಲು ಸುಮಾರು ಒಂದು ಗಂಟೆಯ ದಾರಿ. ಮೈಸೂರು ಸುಮಾರು ನೂರು ಕಿಲೋಮೀಟರ್. ಕಾಡೊಳಗಿನ ಊರುಗಳವರು ಕೌದಳ್ಳಿಗೆ ಬರಲೇ ಹೊತ್ತು ಬೇಕು. ಗಂಟೆಗಳಲ್ಲಿ ಹರಡುವ ರೋಗಕ್ಕೆ 'ಎರಡು ದಿನ ನೋಡೋಣ' ಎಂದರೆ, ಅತ್ಯುತ್ತಮ ಯಂತ್ರವಿದ್ದೂ ಫಲವಿಲ್ಲ. ಬೇಗ ಪತ್ತೆ ಮಾಡುವ ಕೆಲಸ ಆಸ್ಪತ್ರೆಯಲ್ಲಿ ಶುರುವಾಗುವುದಿಲ್ಲ, ಮನೆಯಲ್ಲಿ ಶುರುವಾಗುತ್ತದೆ.

ಮನೆಯವರು ನೋಡಬೇಕಾದದ್ದು

ಗಾಯ ಚಿಕ್ಕದು, ನೋವು ಮಾತ್ರ ಸಹಿಸಲಾರದಷ್ಟು ಎಂದಾದರೆ ಅದೇ ಮೊದಲ ಎಚ್ಚರಿಕೆ. ಊತ ಬೇಗ ಬೇಗ ಮೇಲೇರುವುದು, ಚರ್ಮ ಬಿಗಿದು ಮಿರುಗುವುದು, ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು, ನೀರುಗುಳ್ಳೆ ಏಳುವುದು, ಮೊದಲು ನೋಯುತ್ತಿದ್ದ ಜಾಗ ಮರಗಟ್ಟುವುದು, ಒತ್ತಿದರೆ ಚರಚರ ಎನ್ನುವುದು, ಜ್ವರದ ಜೊತೆಗೆ ಸುಸ್ತು, ಎದೆಬಡಿತ, ಮಂಕು ಕವಿಯುವುದು - ಇವುಗಳಲ್ಲಿ ಯಾವುದಿದ್ದರೂ ಕಾಯದೆ ಶಸ್ತ್ರಕ್ರಿಯೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. 108ಕ್ಕೆ ಕರೆ ಮಾಡಬಹುದು.

ಸಕ್ಕರೆ ಕಾಯಿಲೆಯವರ ಮಾತು ಬೇರೆ. ಅವರಲ್ಲಿ ಎಷ್ಟೋ ಮಂದಿಗೆ ಪಾದದ ನರಗಳು ಮಂದವಾಗಿ ನೋವೇ ತಿಳಿಯುವುದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಇಂಥವರು ಬರಿಗಾಲಲ್ಲಿ ಬೆಟ್ಟ ಹತ್ತುವ ಹರಕೆ ಹೊತ್ತಿದ್ದರೆ ಮೊದಲು ವೈದ್ಯರ ಸಲಹೆ ಕೇಳುವುದು ಒಳ್ಳೆಯದು.

ಊತವನ್ನು ಮನೆಯಲ್ಲಿ ಬ್ಲೇಡಿನಿಂದ ಕುಯ್ಯುವುದು, ಹಿಂಡುವುದು, ಹಿಂದಿನ ಸಲ ಉಳಿದ ಮಾತ್ರೆ ನುಂಗುವುದು ಬೇಡ. ಬರೀ ನೋವಿನ ಸೂಜಿ ಹಾಕಿಸಿಕೊಂಡು ಮಲಗಿದರೆ ನೋವು ಅಡಗಿ ರೋಗ ಬೆಳೆಯಬಹುದು.

ಮಕ್ಕಳೂ ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಯಾರಿಗಾದರೂ ಕಾಲು ಊದಿ ಬಿಸಿಯಾಗಿದ್ದರೆ, ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಬೇಕು. ಇದು ಆಸ್ಪತ್ರೆಗಳಲ್ಲಿಯೂ ಅನುಸರಿಸುವ ಕ್ರಮವೇ. ಗೆರೆ ಎಳೆದದ್ದು ಕಾಯುತ್ತ ಕೂರುವುದಕ್ಕಲ್ಲ, ವೈದ್ಯರಿಗೆ ತೋರಿಸುವುದಕ್ಕೆ. ಬೆಳಿಗ್ಗೆ ಹತ್ತಕ್ಕೆ ಎಳೆದ ಗೆರೆಯನ್ನು ಊತ ಮಧ್ಯಾಹ್ನದೊಳಗೆ ದಾಟಿತೆಂದರೆ, ಆ ಒಂದು ಗೆರೆ ವೈದ್ಯರಿಗೆ ಬಹಳ ಸಂಗತಿ ಹೇಳುತ್ತದೆ. ಕೋಟಿ ಸಲ ಕಂಪಿಸುವ ಶಬ್ದ ತನ್ನ ಕೆಲಸ ಮಾಡುವುದು ರೋಗಿ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಿದ ಮೇಲೆ. ಅದಕ್ಕೆ ಮೊದಲ ಹೆಜ್ಜೆ ಹತ್ತು ರೂಪಾಯಿಯ ಪೆನ್ನಿನಿಂದಲೂ ಆಗಬಹುದು.